ಇನ್ನೂರಕ್ಕೆ ಆರು ಕಡಿಮೆ

೨೦೧೩ ಮಾರ್ಚ್ ೧೫, ಶುಕ್ರವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕುಳಿತೆ. ಕುವೈತಿನ ರಿಗ್ಗೈಯ ಈ ಫ್ಲ್ಯಾಟಿನಲ್ಲಿ ನಾವು ನಾಲ್ವರು. ಉಳಿದ ಮೂವರು ಇನ್ನೂ ಮಲಗಿದ್ದಾರೆ. ರಜೆಯ ದಿನವೂ ಇಷ್ಟು ಬೇಗ ಏಳುವ ಅಭ್ಯಾಸ ನನಗೆ ಬಂದದ್ದು ಫುಟ್‌ಬಾಲಿನಿಂದ. ಹಾಗೆಂದು ನಾನು ಆಡಿದವನಲ್ಲ. ಜೆರ್ಸಿ ಎಣಿಸಿ ಚೀಲಕ್ಕೆ ತುಂಬುವುದು, ಆಡುವವರಿಗೆ ಫೋನ್ ಮಾಡಿ ಎಬ್ಬಿಸುವುದು, ಆಟ ನಡೆಯುವಾಗ ಗೆರೆಯ ಆಚೆ ಕೂತು ಯಾರು ಎಷ್ಟನೇ ನಿಮಿಷಕ್ಕೆ ಏನು ಮಾಡಿದರು ಎಂದು ಪುಸ್ತಕದಲ್ಲಿ ಬರೆಯುವುದು, ಇಷ್ಟು ನನ್ನ ಕೆಲಸವಾಗಿತ್ತು. ತಂಡದ ಕಾರ್ಯದರ್ಶಿ ಎಂದು ಹೆಸರು. ೨೦೦೯ರಲ್ಲಿ ನನಗೆ ಇಪ್ಪತ್ತನಾಲ್ಕು ವರ್ಷ.

ಕರಾವಳಿಯ ಒಂದೇ ಕಾಲೇಜಿನಲ್ಲಿ ಬೇರೆ ಬೇರೆ ವರ್ಷ ಓದಿದವರು ಕುವೈತಿನಲ್ಲಿ ಸೇರಿ ಕಟ್ಟಿಕೊಂಡ ತಂಡ ಅದು. ಎದೆಯ ಮೇಲೆ ಕಾಲೇಜಿನ ಲಾಂಛನವಿದ್ದ ನೀಲಿ ಜೆರ್ಸಿ. ಇಲ್ಲಿಯ ಭಾರತೀಯರ ಹತ್ತು ತಂಡಗಳು ಸೇರಿ ಒಂದು ಲೀಗ್ ನಡೆಸುತ್ತಿದ್ದವು. ಅಕ್ಟೋಬರಿನಿಂದ ಮೇ ತನಕ ಶುಕ್ರವಾರಗಳಲ್ಲಿ ಒಂದೊಂದು ತಂಡಕ್ಕೆ ಹದಿನೆಂಟು ಪಂದ್ಯ. ಮೈದಾನ, ರೆಫ್ರಿ, ವೇಳಾಪಟ್ಟಿ ಎಲ್ಲ ಲೀಗಿನದ್ದು. ಹದಿನೈದು ಸೀಸನ್ ಅದರಲ್ಲಿ ಆಡಿ, ೨೦೦೯ರ ಜೂನಿನಲ್ಲಿ ನಾವು ಲೀಗ್ ಬಿಟ್ಟು ಸ್ವತಂತ್ರ ತಂಡವಾದೆವು. ಬಿಡುವ ನಿರ್ಧಾರದಲ್ಲಿ ನನ್ನ ಪುಸ್ತಕದ ಪಾಲು ದೊಡ್ಡದು. ಅದರಿಂದ ನಷ್ಟವಾದದ್ದು ನನಗಲ್ಲ, ನಮ್ಮ ಗೋಲ್‌ಕೀಪರಿಗೆ.

ಅವರು ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದರು. ವಯಸ್ಸು ನಲವತ್ತರ ಹತ್ತಿರ. ಲೀಗಿನ ಮೊದಲ ಸೀಸನ್‌ನಿಂದಲೂ ನಮ್ಮ ಗೋಲಿಗೆ ನಿಂತವರು. ಅವರ ಮನೆಮಾತು ಕೊಂಕಣಿ, ತಂಡದ ಹೆಚ್ಚಿನವರದ್ದು ತುಳು. ಹಾಗಾಗಿ ಮೈದಾನದಲ್ಲಿ ಕನ್ನಡ, ಸಿಟ್ಟು ಬಂದರೆ ಅವರವರ ಭಾಷೆ. ನಮ್ಮೂರಲ್ಲಿ ತುಳುವರು ಕ್ರಿಶ್ಚಿಯನ್ ಹಿರಿಯರನ್ನು ಕರೆಯುವಂತೆ ಎಲ್ಲರೂ ಅವರನ್ನು ‘ಪೊರ್ಬುಗಳೇ’ ಎನ್ನುತ್ತಿದ್ದೆವು. ಅವರು ನನ್ನನ್ನು ‘ಪುತಾ’ ಎನ್ನುತ್ತಿದ್ದರು, ಕೊಂಕಣಿಯಲ್ಲಿ ಮಗನೇ ಎಂದು. ಅವರ ಮನೆಯೂ ರಿಗ್ಗೈಯಲ್ಲೇ ಇದ್ದುದರಿಂದ ನಾನು ಮತ್ತು ಜೆರ್ಸಿ ಚೀಲ ಹೋಗಿ ಬರುವುದು ಅವರ ಕಾರಿನಲ್ಲೇ. ಹಿಂದಿನ ಸೀಟಿನಲ್ಲಿ ಅವರ ಒಂಬತ್ತು ವರ್ಷದ ಮಗಳು.

ನನಗಿಂತ ಮೊದಲಿನ ಕಾರ್ಯದರ್ಶಿ ಕೆಲಸ ಬಿಟ್ಟು ಹೋಗುವಾಗ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟಿದ್ದರು. ಅದರಲ್ಲಿ ಹಳೆಯ ಪಂದ್ಯಗಳ ಹಾಳೆಗಳು. ಪ್ರತಿ ಪಂದ್ಯ ಮುಗಿದ ಮೇಲೆ ಆಡಿದವರ ಹೆಸರಿರುವ ಒಂದು ಪ್ರತಿಯನ್ನು ರೆಫ್ರಿ ಎರಡೂ ತಂಡಕ್ಕೆ ಕೊಡುವ ಕ್ರಮವಿತ್ತು. ಕೆಲವು ನೀರು ಬಿದ್ದು ಅಂಟಿಕೊಂಡಿದ್ದವು. ನಾನು ಅವನ್ನು ಬಿಡಿಸಿ, ತಾರೀಕಿನ ಪ್ರಕಾರ ಜೋಡಿಸಿ, ಒಬ್ಬೊಬ್ಬರ ಹೆಸರಿನ ಮುಂದೆ ಗೆರೆ ಎಳೆಯುತ್ತಾ ಹೋದೆ. ಯಾರೂ ಮಾಡಲು ಹೇಳಿರಲಿಲ್ಲ. ೨೦೦೯ ಮೇ ೧೫, ಸೀಸನ್ನಿನ ಕೊನೆಯ ಪಂದ್ಯ ಮುಗಿಸಿ ಬರುವಾಗ ಕಾರಿನಲ್ಲಿ ಹೇಳಿದೆ.

“ಪೊರ್ಬುಗಳೇ, ಲೀಗಲ್ಲಿ ನೀವು ಎಷ್ಟು ಮ್ಯಾಚ್ ಆಡಿದ್ದೀರಿ ಗೊತ್ತುಂಟಾ?”

“ನನ್ನ ಮೊಣಗಂಟಿಗೆ ಗೊತ್ತುಂಟು. ನಂಗೆ ಗೊತ್ತಿಲ್ಲ.”

“ಇವತ್ತಿನದ್ದು ಸೇರಿ ನೂರ ತೊಂಬತ್ತನಾಲ್ಕು.”

ಅವರು ಕಾರು ನಿಧಾನ ಮಾಡಿದರು. ಹಿಂದಿನವನು ಹಾರ್ನ್ ಹೊಡೆದ. “ಇನ್ನೊಂದು ಸಲ ಹೇಳು, ಪುತಾ.”

ನಾನು ಹೇಳುವ ಮೊದಲೇ ಹಿಂದಿನಿಂದ ಮಗಳು ಹೇಳಿದಳು: “ಡ್ಯಾಡಿ, ಓನ್ಲಿ ಸಿಕ್ಸ್ ಮೋರ್ ಫಾರ್ ಟೂ ಹಂಡ್ರೆಡ್!”

“ಲೆಕ್ಕ ತಾಯಿದ್ದು, ಬಾಯಿ ನನ್ದು,” ಎಂದರು ಅವರು.

ಲೀಗಿನಲ್ಲಿ ಒಂದು ಪದ್ಧತಿಯಿತ್ತು. ಇನ್ನೂರನೆಯ ಪಂದ್ಯಕ್ಕೆ ಇಳಿಯುವ ಆಟಗಾರನಿಗಾಗಿ ಎರಡೂ ತಂಡದವರು ಎದುರುಬದುರು ಸಾಲಾಗಿ ನಿಲ್ಲುತ್ತಾರೆ. ಅವನು ಮನೆಯವರ ಜೊತೆ ಆ ಎರಡು ಸಾಲುಗಳ ನಡುವೆ ನಡೆದು ಮೈದಾನಕ್ಕೆ ಹೋಗುತ್ತಾನೆ. ಅಷ್ಟೇ. ಹಾರವಿಲ್ಲ, ಭಾಷಣವಿಲ್ಲ. ಪಂದ್ಯಗಳ ಲೆಕ್ಕ ಇಡುವುದು ಆಯಾ ತಂಡದ್ದೇ ಕೆಲಸ. ಅಲ್ಲಿಯವರೆಗೆ ಹಾಗೆ ನಡೆದವನು ಗೋವಾದವರ ತಂಡದ ಒಬ್ಬ ಫಾರ್ವರ್ಡ್ ಆಟಗಾರ ಮಾತ್ರ. ಆ ದಿನ ಎದುರಿನ ಸಾಲಿನಲ್ಲಿ ನಿಂತು ಅವನ ಕೈ ಕುಲುಕಿದವರಲ್ಲಿ ನಮ್ಮ ಕೀಪರೂ ಒಬ್ಬರು. ಅಂಥದ್ದೊಂದು ತನಗೂ ಹತ್ತಿರ ಬಂದಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತು ಮಾಡಿದವನು ನಾನು. ಅಂದಿನಿಂದ ಆ ಹುಡುಗಿ ನನ್ನನ್ನು ರಿಗ್ಗೈಯ ಬಕಾಲೆ ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಕಂಡರೂ ದೂರದಿಂದಲೇ ಆರು ಬೆರಳು ತೋರಿಸುತ್ತಿದ್ದಳು.

ಮೂರು ವಾರದ ನಂತರ, ಜೂನ್ ೫ರಂದು, ಅಬು ಹಲೀಫಾದಲ್ಲಿದ್ದ ಕ್ಯಾಪ್ಟನ್ ಮನೆಯಲ್ಲಿ, ಲೀಗಿನಲ್ಲಿ ಉಳಿಯಬೇಕೇ ಬಿಡಬೇಕೇ ಎಂದು ಸಭೆ. ಹದಿನೇಳು ಮಂದಿ ಬಂದಿದ್ದೆವು. ಕ್ಯಾಪ್ಟನ್ ಬಗ್ಗೆ ಒಂದು ಮಾತು ಹೇಳಬೇಕು. ನಾನು ಕುವೈತಿಗೆ ಬಂದ ಮೊದಲ ಕಂಪನಿಯಲ್ಲಿ ಕೆಲಸ ಸರಿಯಿರಲಿಲ್ಲ. ಬಿಡಬೇಕಾದರೆ ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ, ರಿಲೀಸ್ ಕಾಗದಕ್ಕೆ ಸಹಿ ಹಾಕಬೇಕು. ಅದಿಲ್ಲದೆ ಬೇರೆ ಕಡೆ ಇಕಾಮಾ, ಇಲ್ಲಿ ಇರುವ ಪರವಾನಗಿ, ಆಗುವುದಿಲ್ಲ. ಎಂಟು ತಿಂಗಳಲ್ಲಿ ಹದಿನಾಲ್ಕು ಸಲ ಆ ಆಫೀಸಿಗೆ ಹೋಗಿದ್ದೆ. ಪ್ರತಿಸಲವೂ ‘ಬುಕ್ರಾ’, ನಾಳೆ ಬಾ. ಕೊನೆಗೆ ತನ್ನ ಪರಿಚಯದವರನ್ನೆಲ್ಲ ಹಿಡಿದು ಆ ಸಹಿ ಹಾಕಿಸಿದವನು, ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ತಾನು ಕೆಲಸಕ್ಕಿದ್ದ ಕಂಪನಿಯಲ್ಲೇ, ಕಾರಿನ ಬಿಡಿಭಾಗಗಳ ಗೋದಾಮಿನಲ್ಲಿ, ನನಗೆ ಕೆಲಸ ಕೊಡಿಸಿದವನು ಈ ಕ್ಯಾಪ್ಟನ್. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಈಗಲೂ ಅನ್ನುತ್ತೇನೆ.

“ಪುಸ್ತಕ ತೆಗಿ ಮಾರಾಯ, ಓದು,” ಎಂದ ಅವನು.

ಓದಿದೆ. ಹದಿನೆಂಟು ಪಂದ್ಯಗಳಲ್ಲಿ ಹನ್ನೊಂದು ಮಧ್ಯಾಹ್ನ ಒಂದೂವರೆಯ ಬಿಸಿಲಿಗೆ. ನಮ್ಮ ವಿರುದ್ಧ ಪೆನಾಲ್ಟಿ ಒಂಬತ್ತು, ನಮಗೆ ಸಿಕ್ಕಿದ್ದು ಒಂದು. ಹಳದಿ ಕಾರ್ಡು ಮೂವತ್ತೊಂದು. ಒಂದೊಂದು ಅಂಕಿಗೂ ಕೋಣೆಯಲ್ಲಿ ‘ನೋಡಿ, ನೋಡಿ’ ಎಂಬ ಸದ್ದು ಏರಿತು. ನನ್ನ ಬರವಣಿಗೆಯನ್ನು ಅಷ್ಟು ಜನ ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು. ನನಗೆ ಖುಷಿಯಾಗಿತ್ತು ಎಂದು ಆ ದಿನದ ಪುಟದಲ್ಲೇ ಬರೆದಿದ್ದೇನೆ.

ಕೀಪರ್ ಗೋಡೆಗೆ ಒರಗಿ ಕೂತಿದ್ದರು. “ಆ ಒಂಬತ್ತರಲ್ಲಿ ನಾಲ್ಕು ನಾನೇ ಕಾಲು ಹಿಡಿದು ಬೀಳಿಸಿದ್ದು ಮಾರಾಯ್ರೆ. ರೆಫ್ರಿ ಎಂತ ಮಾಡ್ಬೇಕಿತ್ತು? ನಂಗೆ ಮುತ್ತು ಕೊಡ್ಬೇಕಿತ್ತಾ?”

ಎಲ್ಲರೂ ನಕ್ಕರು. ನಗು ಇಳಿಯುವ ಮೊದಲೇ ಅವರು ಮುಂದುವರಿಸಿದರು: “ಮತ್ತೆ ಈ ಒಂದೂವರೆ ಟೈಮು. ಅದು ನಾವೇ ಕೇಳಿ ತಗೊಂಡದ್ದು. ಹಿಂದೆ ನಮ್ಮಲ್ಲಿ ಅರ್ಧ ಜನ ಹೋಟ್ಲು, ಆಸ್ಪತ್ರೆ. ಸಂಜೆ ಡ್ಯೂಟಿ. ಬೇಗ ಆಡಿಸಿ ಅಂತ ಲೀಗಿಗೆ ಪತ್ರ ಕೊಟ್ಟಿದ್ದೆವು. ಅದನ್ನು ಬದಲು ಮಾಡಿ ಅಂತ ಯಾರೂ ಹೇಳ್ಲಿಲ್ಲ, ಅವರು ಮಾಡ್ಲಿಲ್ಲ.”

“ಪತ್ರ ಉಂಟಾ?” ಕ್ಯಾಪ್ಟನ್ ನನ್ನ ಕಡೆ ತಿರುಗಿದ.

“ನನ್ನ ಹತ್ತಿರ ಇಲ್ಲ,” ಎಂದೆ. ಆಡಿದವರ ಹಾಳೆಗಳನ್ನಷ್ಟೇ ನಾನು ನೋಡಿದ್ದೆ. ಪೆಟ್ಟಿಗೆಯ ತಳದಲ್ಲಿ ಇನ್ನೂ ತೆರೆಯದ ಒಂದು ಫೈಲಿತ್ತು. ಅದನ್ನು ಹೇಳಲಿಲ್ಲ.

“ಪೊರ್ಬುಗಳಿಗೆ ಲೀಗಿನವರ ಮೇಲೆ ಲವ್ವು,” ಎಂದ ಯಾರೋ. ಮತ್ತೆ ನಗು.

ಕ್ಯಾಪ್ಟನ್ ಎದ್ದು ನಿಂತ. “ವಾರದಲ್ಲಿ ಆರು ದಿನ ಕಫೀಲ್ ಹೇಳಿದ ಹಾಗೆ ಕೇಳ್ತೇವೆ. ಏಳನೇ ದಿನ ಆದ್ರೂ ನಮ್ದು ನಮ್ಗೆ ಬೇಡ್ವಾ? ನಮ್ಮ ಆಟ, ನಮ್ಮ ಟೈಮು, ನಮ್ಗೆ ಬೇಕಾದವರ ಜೊತೆ. ಲೀಗ್ ಖಲಾಸ್.”

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಬಿಡುವುದಕ್ಕೆ ಹದಿನಾಲ್ಕು ಕೈ, ಬೇಡವೆನ್ನುವುದಕ್ಕೆ ಮೂರು. ಹದಿನಾಲ್ಕರಲ್ಲಿ ಒಂದು ನನ್ನದು.

ಕೆಳಗೆ ಕಾರಿನ ಬಳಿ ಕೀಪರ್ ಸಿಟ್ಟಾಗಿರಲಿಲ್ಲ. “ಆಗ್ಲಿ, ನೀವೆಲ್ಲ ಹುಡುಗರು. ನಾನು ಬೇರೆ ತಂಡ ನೋಡ್ತೇನೆ. ನಂಗೆ ಆರು ಮ್ಯಾಚ್ ಸಾಕು, ಪುತಾ. ಏಳು ಬೇಡ. ಕಾಗದ ಒಂದು ನೀನು ಮಾಡಿ ಕೊಡು,” ಎಂದರು. ಮಾಡಿ ಕೊಡುತ್ತೇನೆ ಎಂದೆ.

ಲೀಗಿನ ನಿಯಮ ಹೀಗಿತ್ತು: ಒಂದು ತಂಡದಲ್ಲಿದ್ದವನು ಇನ್ನೊಂದಕ್ಕೆ ಹೋಗಬೇಕಾದರೆ ಹಳೆಯ ತಂಡ ಬಿಡುಗಡೆ ಪತ್ರ ಕೊಡಬೇಕು. ಕಾರ್ಯದರ್ಶಿಯ ಸಹಿ, ತಂಡದ ಮುದ್ರೆ, ಎರಡೂ ಇರಬೇಕು. ಸೆಪ್ಟೆಂಬರ್ ೩೦ರೊಳಗೆ ಅದು ಲೀಗಿನ ಕೈ ಸೇರಬೇಕು. ತಂಡ ಲೀಗ್ ಬಿಟ್ಟರೂ ಆಟಗಾರ ಬಿಟ್ಟಂತೆ ಆಗುವುದಿಲ್ಲ. ಅವನ ಹೆಸರು ಹಳೆಯ ತಂಡದ ಪಟ್ಟಿಯಲ್ಲೇ ಉಳಿಯುತ್ತದೆ. ಇಲ್ಲಿ ಕೆಲಸ ಮಾಡುವವರೇ ಮಾಡಿಕೊಂಡ ನಿಯಮ, ಇಲ್ಲಿಯ ಕೆಲಸದ ಕಾಗದಗಳನ್ನು ನೋಡಿಯೇ ಮಾಡಿದ್ದು.

ಆಗಸ್ಟಿನಲ್ಲಿ ಗೋವಾದವರ ತಂಡ ಅವರನ್ನು ಎರಡನೇ ಕೀಪರ್ ಆಗಿ ತೆಗೆದುಕೊಳ್ಳಲು ಒಪ್ಪಿತು. ಸುದ್ದಿ ಕ್ಯಾಪ್ಟನ್ ಕಿವಿಗೆ ಬಿತ್ತು. ಗೋದಾಮಿನಲ್ಲಿ ನನ್ನ ಮೇಜಿನ ಹತ್ತಿರ ಬಂದು ಕೂತ.

“ಕಾಗದ ಕೊಡ್ಬೇಡ. ಅವರು ಹೋದ್ರೆ ನಮ್ಮ ಗೋಲಿಗೆ ಯಾರು, ನಿನ್ನ ಪುಸ್ತಕ ನಿಲ್ಸುದಾ?”

“ಕೇಳಿದ್ರೆ ಇಲ್ಲ ಅಂತ ಹೇಗೆ ಹೇಳುದು ಅಣ್ಣ?”

“ಇಲ್ಲ ಅಂತ ಯಾಕೆ ಹೇಳ್ತಿ? ಮುದ್ರೆ ನನ್ನ ಹತ್ರ ಉಂಟು ಅಂತ ಹೇಳು. ತಾರೀಕು ದಾಟ್ಲಿ, ಮತ್ತೆ ಎಲ್ಲಿಗೆ ಹೋಗ್ತಾರೆ? ನಮ್ಮ ಜೊತೆಯೇ ಆಡ್ತಾರೆ. ಅವರಿಗೆ ಆಡುದು ಬಿಟ್ಟು ಗೊತ್ತುಂಟಾ?”

ಸೆಪ್ಟೆಂಬರಿನ ಪುಟಗಳಲ್ಲಿ ಇರುವುದನ್ನು ಹಾಗೇ ಇಳಿಸುತ್ತೇನೆ.

೮, ಮಂಗಳವಾರ. ಕೀಪರ್ ಬಂದರು. ಮುದ್ರೆ ಕ್ಯಾಪ್ಟನ್ ಹತ್ತಿರ ಎಂದೆ.
೧೫, ಮಂಗಳವಾರ. ಬಂದರು. ಹಬ್ಬ ಕಳೆಯಲಿ ಎಂದೆ.
೨೪, ಗುರುವಾರ. ಬಂದರು. ಕ್ಯಾಪ್ಟನ್ ಸಿಗಲಿಲ್ಲ ಎಂದೆ.
೨೯, ಮಂಗಳವಾರ. ಬಂದರು.

ಮೊದಲ ಸಲ ಬಂದದ್ದು ರಂಜಾನ್ ತಿಂಗಳಲ್ಲಿ. ಬೆಳಗಿನ ಡ್ಯೂಟಿ ಮುಗಿಸಿ, ಶುವೈಖಿನ ಗ್ಯಾರೇಜುಗಳ ನಡುವೆ ಕಾರು ನಿಲ್ಲಿಸಲು ಜಾಗವಿಲ್ಲದೆ ದೂರದಿಂದ ನಡೆದು ಬಂದಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು.

“ಮುದ್ರೆ ಅಣ್ಣನ ಹತ್ತಿರ ಉಂಟು ಪೊರ್ಬುಗಳೇ. ನಾಳೆ ನೋಡುವ,” ಎಂದೆ.

“ನಾಳೆ ಅಂದ್ರೆ ನಾಳೆಯಾ, ಬುಕ್ರಾವಾ?” ಎಂದು ನಕ್ಕರು. ನಾನೂ ನಕ್ಕೆ. ಮುದ್ರೆ ನನ್ನ ಮೊಣಕಾಲಿನ ಪಕ್ಕದ ಡ್ರಾಯರಿನಲ್ಲಿತ್ತು.

ನಾಲ್ಕನೆಯ ಸಲ ತಮಾಷೆ ಮಾಡಲಿಲ್ಲ. ಮೇಜಿನ ಎದುರು ಹತ್ತು ನಿಮಿಷ ನಿಂತಿದ್ದರು. ಕೂರಿ ಎಂದರೂ ಕೂರಲಿಲ್ಲ. “ನಾಳೆ ಕಡೇ ದಿನ, ಪುತಾ,” ಎಂದಷ್ಟೇ ಹೇಳಿ ಹೋದರು. ಆ ತಾರೀಕಿನ ಮುಂದೆ ನಾನು ಏನು ಹೇಳಿದೆ ಎಂದು ಬರೆದಿಲ್ಲ. ಏನೂ ಹೇಳಿರಲಿಲ್ಲ.

೩೦ರ ಇಡೀ ದಿನ ಡ್ರಾಯರ್ ತೆರೆಯಲಿಲ್ಲ. ಅಕ್ಟೋಬರ್ ೧ರ ಮಧ್ಯಾಹ್ನ ಕ್ಯಾಪ್ಟನ್ನಿಗೆ ಹೇಳದೆ ಪತ್ರ ಟೈಪ್ ಮಾಡಿದೆ. ಸಹಿ ಹಾಕಿ, ಮುದ್ರೆ ಒತ್ತಿ, ಸಂಜೆ ಐದೂವರೆಗೆ ರಿಗ್ಗೈಯಲ್ಲಿ ಅವರ ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆದವರು ಅವರ ಹೆಂಡತಿ. ಅಡಿಗೆಮನೆಯಿಂದ ಮೀನು ಹುರಿಯುವ ವಾಸನೆ. ಕೀಪರ್ ಲುಂಗಿಯಲ್ಲಿದ್ದರು, ಮಗಳಿಗೆ ಹೋಂವರ್ಕ್ ಹೇಳಿಕೊಡುತ್ತಿದ್ದರು. ಕನ್ನಡಕ ಹುಡುಕಿ ಹಾಕಿಕೊಂಡು ಪತ್ರವನ್ನು ಎರಡು ಸಲ ಓದಿದರು.

“ಇವತ್ತಿನ ಡೇಟ್ ಹಾಕಿದ್ದಿ.”

“ಹೌದು.”

“ನಿನ್ನೆದ್ದು ಹಾಕಿದ್ರೆ ಆಗ್ತಿತ್ತು ಏನೋ.”

“ನಿನ್ನೆ ನಾನು ಬರೆದಿಲ್ಲವಲ್ಲ, ಪೊರ್ಬುಗಳೇ.”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮೂರು ವಾರ ಅವರ ಮುಖಕ್ಕೇ ಸುಳ್ಳು ಹೇಳಿದವನು ನಾನು. ಕಾಗದದ ಮೇಲೆ ಒಂದು ದಿನ ಹಿಂದಿನ ತಾರೀಕು ಹಾಕಲು ನನ್ನ ಕೈ ಬಂದಿರಲಿಲ್ಲ. ಟೈಪ್ ಮಾಡುವಾಗ ಆ ಯೋಚನೆ ಬರಲಿಲ್ಲ ಎನ್ನುವಂತೆಯೂ ಇಲ್ಲ. ಬಂದಿತ್ತು. ಅದು ತಪ್ಪು ಎನಿಸಿತ್ತು.

“ಅದೂ ಸರಿಯೇ,” ಎಂದು ಅವರು ಪತ್ರ ಮಡಿಸಿದರು. ಹುಡುಗಿ ಪುಸ್ತಕದಿಂದ ತಲೆಯೆತ್ತಿ, “ಅಂಕಲ್, ಇಸ್ ಇಟ್ ಸ್ಟಿಲ್ ಸಿಕ್ಸ್?” ಎಂದಳು. “ಸ್ಟಿಲ್ ಸಿಕ್ಸ್,” ಎಂದೆ. ಅವನಿಗೆ ಊಟಕ್ಕೆ ಕೂರಲು ಹೇಳಿ ಎಂದು ಒಳಗಿನಿಂದ ಹೆಂಡತಿ ಕೊಂಕಣಿಯಲ್ಲಿ ಹೇಳಿದರು. ಕೆಲಸವಿದೆ ಎಂದು ಎದ್ದು ಬಂದೆ. ಕೆಲಸವಿರಲಿಲ್ಲ.

ಶನಿವಾರ ಅವರು ಪತ್ರ ತೆಗೆದುಕೊಂಡು ಹೋದರಂತೆ. ಗೋವಾದ ತಂಡದ ಒಬ್ಬ ನನಗೆ ಆಮೇಲೆ ಹೇಳಿದ. ಲೀಗಿನವರು ತಾರೀಕು ನೋಡಿ, “ನೀವೇ ನೋಡಿ, ನಾವು ಹೇಗೆ ತಗೊಳ್ಳುದು? ಮುಂದಿನ ಸೆಪ್ಟೆಂಬರಲ್ಲಿ ಬನ್ನಿ,” ಎಂದರಂತೆ. ಕೀಪರ್ ವಾದ ಮಾಡಲಿಲ್ಲವಂತೆ.

ನಮ್ಮ ಸ್ವತಂತ್ರ ತಂಡದ ಕಥೆ ಉದ್ದವಿಲ್ಲ. ಲೀಗ್ ಬಿಟ್ಟವರ ಜೊತೆ ಲೀಗಿನ ತಂಡಗಳು ಆಡುವಂತಿಲ್ಲ ಎಂಬ ನಿಯಮವನ್ನು ನಾವು ಯಾರೂ ಓದಿರಲಿಲ್ಲ. ಹಾಗಾಗಿ ಕಂಪನಿ ಕ್ಯಾಂಪುಗಳಲ್ಲಿ, ಹೋಟೆಲ್ ನೌಕರರಲ್ಲಿ ಎದುರಾಳಿಗಳನ್ನು ಹುಡುಕಬೇಕಾಯಿತು. ಮೈದಾನವೂ ಲೀಗಿನದ್ದಾಗಿದ್ದರಿಂದ ಅಬು ಹಲೀಫಾದ ಕಟ್ಟಡಗಳ ಹಿಂದಿನ ಮರಳು ಜಾಗದಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿ ಆಡಿದೆವು. ಗಾಳಿ ಬಂದರೆ ಗೆರೆ ಇಲ್ಲ. ಅಕ್ಟೋಬರ್ ೯ರಿಂದ ಫೆಬ್ರವರಿ ತನಕ ಗೊತ್ತು ಮಾಡಿದ ಪಂದ್ಯ ಹದಿನಾಲ್ಕು, ನಡೆದದ್ದು ಐದು. ಮೂರು ಸಲ ಎದುರಿನವರು ಬರಲಿಲ್ಲ. ಉಳಿದ ಸಲ ನಮ್ಮವರೇ ಸಾಕಾಗಲಿಲ್ಲ. ಬಿಸಿಲಿನ ಒಂದೂವರೆ ಬೇಡವೆಂದು ಬಿಟ್ಟು ಬಂದವರಿಗೆ ನಾಲ್ಕು ಗಂಟೆ ಇಟ್ಟರೆ ಸಂಜೆ ಡ್ಯೂಟಿ ಇದ್ದವರು ಬರಲಿಲ್ಲ. ಗೋಲಿಗೆ ಒಂದೊಂದು ಸಲ ಒಬ್ಬೊಬ್ಬರು. ಕ್ಯಾಪ್ಟನ್ ಹೇಳಿದಂತೆ ಆಗಲಿಲ್ಲ. ಕೀಪರ್ ಒಂದು ದಿನವೂ ಬರಲಿಲ್ಲ.

೨೦೧೦ ಫೆಬ್ರವರಿ ೧೨ರಂದು ನಾವು ಎಂಟು ಜನ ಸೇರಿದ್ದೆವು. ಎದುರಿನವರು ಕಾದು ನೋಡಿ ಹೊರಟರು. ಕ್ಯಾಪ್ಟನ್ ಜೆರ್ಸಿ ಚೀಲದ ಪಕ್ಕ ಮರಳಲ್ಲಿ ಕೂತ.

“ಎಷ್ಟಾಯ್ತು ಇಷ್ಟರವರೆಗೆ?”

“ಇಪ್ಪತ್ತಮೂರು ಗೋಲು.”

“ನಾವು ಹಾಕಿದ್ದು ಕೇಳಿದ್ದು, ಮಾರಾಯ.”

“ನಾಲ್ಕು.”

ಅವನು ನಕ್ಕ, ಬಹಳ ಹೊತ್ತು. ಆಮೇಲೆ, “ಪೊರ್ಬುಗಳಿಗೆ ಫೋನ್ ಮಾಡುವನಾ?” ಎಂದ. ನಂಬರ್ ಹೇಳಿದೆ. ಅವನು ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ, ಒತ್ತಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಆ ದಿನದ ನಂತರ ತಂಡ ಸೇರಲಿಲ್ಲ.

ಪೆಟ್ಟಿಗೆಯ ತಳದ ಫೈಲನ್ನು ಮಾರ್ಚಿನಲ್ಲಿ ತೆರೆದೆ. ಕೀಪರ್ ಹೇಳಿದ ಪತ್ರದ ನಕಲು ಅದರಲ್ಲೇ ಇತ್ತು. ಬೇಗ ಆಡಿಸಬೇಕೆಂದು ನಮ್ಮ ತಂಡದ್ದೇ ವಿನಂತಿ, ಕೆಳಗೆ ಒಂಬತ್ತು ಸಹಿ. ಅದನ್ನು ಕ್ಯಾಪ್ಟನ್ನಿಗೆ ತೋರಿಸಿದೆ. “ಈಗ ಎಂತಕ್ಕೆ?” ಎಂದ.

ಅದೇ ವರ್ಷ ಶಾಲೆಗೆ ಬೇಸಿಗೆ ರಜೆ ಸಿಕ್ಕಿದ ಮೇಲೆ ಕೀಪರ್ ಸಂಸಾರ ಕುವೈತ್ ಬಿಟ್ಟಿತು. ಆಸ್ಪತ್ರೆಯ ಕೆಲಸ ಮುಗಿದಿತ್ತು ಎಂದು ಒಬ್ಬರು, ಮಸ್ಕತ್ತಿನಲ್ಲಿ ಬೇರೆ ಸಿಕ್ಕಿತ್ತು ಎಂದು ಇನ್ನೊಬ್ಬರು. ಯಾವ ದಿನ ಹೋದರು ಎಂದು ನನ್ನ ಪುಸ್ತಕದಲ್ಲಿಲ್ಲ. ಹೋಗಿ ಮಾತಾಡಿಸಬೇಕು ಎಂದು ಎರಡು ಶುಕ್ರವಾರ ಬರೆದುಕೊಂಡಿದ್ದೆ. ಮೂರನೇ ಶುಕ್ರವಾರ ಅವರ ಫ್ಲ್ಯಾಟಿನ ಕಿಟಕಿಗೆ ಪರದೆ ಇರಲಿಲ್ಲ.

ಈಗ ಇದನ್ನೆಲ್ಲ ಬರೆಯಲು ಕಾರಣವೊಂದಿದೆ. ಹೋದ ವಾರ ಹಾಳೆಗಳನ್ನು ಮತ್ತೊಮ್ಮೆ ಮೊದಲಿನಿಂದ ಎಣಿಸಿದೆ. ೧೯೯೭–೯೮ರ ಸೀಸನ್ನಿನ ಹಾಳೆ ಒಂದೂ ಇಲ್ಲ. ಕಳೆದುಹೋದದ್ದೋ, ಅಂಟಿಕೊಂಡು ಹರಿದದ್ದೋ ತಿಳಿಯದು. ಮೊದಲ ಸಲ ಎಣಿಸುವಾಗಲೂ ಇರಲಿಲ್ಲ. ಹಾಳೆ ಇಲ್ಲದ್ದಕ್ಕೆ ನಾನು ಸೊನ್ನೆ ಹಾಕಿ ಮುಂದೆ ಹೋಗಿದ್ದೆ. ಯಾರನ್ನೂ ಕೇಳಿರಲಿಲ್ಲ, ಅವರನ್ನೂ ಕೂಡ. ನೂರ ತೊಂಬತ್ತನಾಲ್ಕು ಎನ್ನುವುದು ಆ ಸೊನ್ನೆ ಸೇರಿ ಬಂದ ಮೊತ್ತ. ಆ ಚಳಿಗಾಲದಲ್ಲಿ ಅವರು ಆರು ಪಂದ್ಯ ಆಡಿದ್ದರೂ ಸಾಕು, ಇನ್ನೂರು ನಮ್ಮ ತಂಡದಲ್ಲೇ, ನೀಲಿ ಜೆರ್ಸಿಯಲ್ಲೇ, ಎಂದೋ ಮುಗಿದಿತ್ತು. ಅವರು ಯಾರ ಕಾಗದಕ್ಕಾಗಿಯೂ ಶುವೈಖಿಗೆ ನಡೆದು ಬರಬೇಕಾಗಿರಲಿಲ್ಲ.

೧೯೯೭ರ ಅಕ್ಟೋಬರಿನಿಂದ ೧೯೯೮ರ ಮೇ ತನಕ ಕುವೈತಿನಲ್ಲಿ ಕರಾವಳಿಯ ಕಾಲೇಜೊಂದರ ನೀಲಿ ತಂಡದ ಎದುರು ಆಡಿದವರು, ರೆಫ್ರಿಯಾಗಿದ್ದವರು, ಸುಮ್ಮನೆ ನೋಡಿದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಬರೆಯಿರಿ. ಪಂದ್ಯದ ಹಾಳೆ ಇದ್ದರೆ ಅದರ ನಕಲು, ಇಲ್ಲದಿದ್ದರೆ ಒಂದು ಫೋಟೋ, ಅದೂ ಇಲ್ಲದಿದ್ದರೆ ಗೋಲಿನಲ್ಲಿ ಯಾರು ನಿಂತಿದ್ದರು ಎಂಬ ನೆನಪು. ಈ ಬರಹ ಪ್ರಕಟವಾದ ವಿಳಾಸಕ್ಕೆ ಕಳುಹಿಸಿದರೆ ನನಗೆ ತಲುಪುತ್ತದೆ. ಅವರು ಈಗ ಎಲ್ಲಿದ್ದಾರೆ ಎಂದು ಗೊತ್ತಿರುವವರು ಅದನ್ನೂ ತಿಳಿಸಿ. ಲೆಕ್ಕ ಸರಿಯಾದರೆ ಈ ಸಲ ಕಾಗದ ಹಿಡಿದು ಅವರಿರುವಲ್ಲಿಗೆ ನಾನೇ ಹೋಗಬೇಕು.